ಗಣಿಯ ಸದ್ದು ಅಂದುಕೊಂಡದ್ದು

ಚೆಲ್ಲಿದ ಸಾರಿನಪುಡಿಯ ವಾಸನೆ ಬರುತ್ತಲೇ ಇದೆ, ನೆಂದ ಮಣ್ಣಿನ ಜೊತೆ ಸೇರಿ — ಯಾರಾದರೂ ಅದನ್ನು ಬಳಿದು ಹಾಕಬಾರದೆ, ಅಂದುಕೊಂಡ ವಾರ್ಡನ್ ಕೋದಂಡಪ್ಪ. ರಾತ್ರಿಯ ಗಾಳಿಗೆ ತಗಡು ಹಾರಿಹೋದ ಹಾಸ್ಟೆಲಿನ ಹುಡುಗರು ಕಾಲೇಜಿನ ಬೆಂಚುಗಳ ಮೇಲೆ ಮುದುರಿಕೊಂಡಿದ್ದಾರೆ, ಹಳಿಯ ಮೇಲೆ ಮರ ಬಿದ್ದು ಮಾರಿಕುಪ್ಪಂ ರೈಲು ನಿಂತಿದೆ, ಪ್ರಶ್ನೆಪತ್ರಿಕೆ ಬಂಗಾರಪೇಟೆಯಲ್ಲೇ ಸಿಕ್ಕಿಕೊಂಡಿದೆ, ಸಾರ್ ಕುಡಿಯೋಕೆ ನೀರಿಲ್ಲ, ಸಾರ್ ಪರೀಕ್ಷೆ ಮುಂದಕ್ಕೋಯ್ತಾ, ಹೂಂ ಅಂದ, ಯಾವುದಕ್ಕೆ ಹೂಂ ಅಂದೆ ಅಂತ ಅವನಿಗೇ ತಿಳಿಯಲಿಲ್ಲ. ಅಳು ಬರಬೇಕಿತ್ತು, ದರಿದ್ರದ್ದು, ಬರುತ್ತಿಲ್ಲ. ಜಗಲಿಯ ಮೇಲೆ ಜಮಖಾನ ಹೊದಿಸಿ ಮಲಗಿಸಿರುವುದು ಪಾಪಕ್ಕನನ್ನು, ಹಾಸ್ಟೆಲಿಗೆಲ್ಲ ಮುದ್ದೆ ತೊಳಸುತ್ತಿದ್ದ ಪಾಪಕ್ಕನನ್ನು, ಬೆಳಗಿನ ಜಾವ ಒಲೆ ಹಚ್ಚೋಕೆ ಹೋದವಳ ಮೇಲೆ ಗಾಳಿಗೆ ಅಡುಗೆಮನೆ ಗೋಡೆ ಕುಸಿದಿತ್ತು, ಬೆಳಕು ಹರಿದ ಮೇಲೆ ಕಲ್ಲು ಸರಿಸಿದರು, ಮೈ ಇನ್ನೂ ಬೆಚ್ಚಗದೆ ಸಾರ್, ಈಗಷ್ಟೇ ಜೀವ ಓಗಿರೋದು, ಅಂದ ಕಂಪೌಂಡರ್ ಮುನಿಸ್ವಾಮಪ್ಪ, ಅವನು ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಅವಳ ಮಗ ಸೊಣ್ಣಪ್ಪ ರಾತ್ರಿ ಪಾಳಿಗೆ ಗಣಿಗೆ ಇಳಿದವನು, ಸೈರನ್ ಕೂಗಿದರೆ ಮೇಲಕ್ಕೆ ಬರುತ್ತಾನೆ, ನೇರ ಇಲ್ಲಿಗೇ, ಅಮ್ಮನ ಕೈಯ ಟೀ ಕುಡಿಯೋಕೆ, ಅವನಿಗೆ ಹೇಳಬೇಕಾದವನು ಕೋದಂಡಪ್ಪನೇ, ಹೇಗೆ ಹೇಳಲಿ, ಏನಂತ ಹೇಳಲಿ.

ಆ ಜಾವದಲ್ಲಿ ಧಡ್ ಅಂದಿತ್ತು, ನೆಲ ಅದುರಿತ್ತು. ಈ ಊರಲ್ಲಿ ನೆಲ ಅದುರಿದರೆ ಯಾರೂ ಮನೆ ಕಡೆ ನೋಡಲ್ಲ, ಕೆಳಗೆಲ್ಲೋ ಬಂಡೆ ಸಿಡಿಯಿತು ಅಂತಾರೆ, ಹುಟ್ಟಿದಾಗಿಂದ ಅದೇ ಅಭ್ಯಾಸ, ಕತ್ತಲು ಬೇರೆ, ಮಳೆ ಬೇರೆ, ಸಾರ್ ಏನೋ ಬಿತ್ತು, ಏನೂ ಬಿದ್ದಿಲ್ಲ ಕಣ್ರಯ್ಯ, ಗಣೀದು, ಸುಮ್ನಿರಿ. ಪಾಪಕ್ಕನ ಮಗ ಒಳಗವ್ನಲ್ಲ ಸಾರ್, ಅಂದ ಒಬ್ಬ. ಅಯ್ಯೋ ಶಿವನೇ, ಹೌದಲ್ಲ, ಅವಳ ಹತ್ತಿರ ಹೋಗಿ ಉಸಿರೆತ್ತಬೇಡಿ, ಹೆದರಿ ಸತ್ತೇಹೋಗ್ತಾಳೆ, ಅಡುಗೆಮನೆ ಕಡೆ ಯಾರೂ ಹೋಗಕೂಡದು — ಅಂದದ್ದು ಕೋದಂಡಪ್ಪನೇ, ಇದೇ ಬಾಯಲ್ಲಿ, ಕರುಣೆಯಿಂದ, ಹಾಳಾದ ಕರುಣೆ.

ಸೈರನ್ ಕೂಗಿ ನಿಂತು ಎಷ್ಟು ಹೊತ್ತಾಯಿತೋ, ಗೇಟಿನಲ್ಲಿ ಸೊಣ್ಣಪ್ಪ, ಮೈಯೆಲ್ಲ ಕಲ್ಲಿನ ಧೂಳು, ನಗುತ್ತಿದ್ದಾನೆ. ಏನ್ ಸಾರ್ ಇಂಗೆ ಹೊಡ್ದೈತೆ ಗಾಳಿ, ಒಳಗೆ ನಮ್ಗೆ ಒಂದೂ ಗೊತ್ತಾಗ್ಲಿಲ್ಲ, ಬಂಡೆ ಗಿಂಡೆ ಏನೂ ಸಿಡೀಲಿಲ್ಲ, ಆರಾಮಾಗಿದ್ವಿ, ನಮ್ಮಮ್ಮ ಎದ್ರಕಂಡ್ಳಾ ಸಾರ್, ಎಲ್ಲವ್ಳೆ? ಕೋದಂಡಪ್ಪ ಬಾಯಿ ತೆರೆದ. ಕಣ್ಣ ಮುಂದೆ ಆ ಜಾವದಲ್ಲಿ ಹುಡುಗರೆಲ್ಲ ಮಳೆಯಲ್ಲಿ ಕೈ ಮುಗಿದು ನಿಂತದ್ದಷ್ಟೇ ಕಾಣುತ್ತಿದೆ, ದೇವರೇ ಸೊಣ್ಣಪ್ಪನನ್ನ ಕಾಪಾಡು ಅಂತ ಅವನೂ ನಿಂತದ್ದು, ಗಣಿಯ ಶಾಫ್ಟಿನ ಕಡೆ ತಿರುಗಿ, ಅಡುಗೆಮನೆಗೆ ಬೆನ್ನು ಹಾಕಿ, ಕೈ ಮುಗಿದು, ಎಲ್ಲರೂ, ಅಡುಗೆಮನೆಗೆ ಬೆನ್ನು ಹಾಕಿ