ಲೇಸರಿನ ಬೀಗದಕೈ

ನನ್ನ ನೆನಪು ಕೆಟ್ಟಿದೆ ಅಂತೀರಾ? ನಿನ್ನೆ ತಿಂದ ಉಪ್ಪಿಟ್ಟು ಮರೆತಿರಬಹುದು, ಒಪ್ಪಿದೆ. ಆದರೆ ಕಲ್ಕತ್ತೆಯ ಆ ಮಧ್ಯಾಹ್ನ ಮರೆಯಬೇಕಾದರೆ ನನ್ನ ಚಿತೆಗೆ ಬೆಂಕಿ ಬೀಳಬೇಕು. ನಡುವೆ ಬಾಯಿ ಹಾಕದೆ ಕೇಳಿ.

ಎಂಬತ್ತರ ದಶಕ. ಕೆಂಪು ಬಾವುಟದವರ ಸರ್ಕಾರ, ದಿನಾ ಲೋಡ್‌ಶೆಡ್ಡಿಂಗ್. ನಾನೂ ಮೈಸೂರಿನ ಜಾನಕಿಯೂ ಅಲ್ಲಿ ಒಂದೇ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದೆವು. ಮೇಜಿನ ಮೇಲೊಂದು ಗಾಜಿನ ದೀಪ. ಒಳಗೆ ನಿಯಾನ್ ಅನಿಲ, ನಡುವೆ ಕಿರುಬೆರಳೂ ತೂರದ ಲೋಹದ ಕೊಳವೆ. ಕರೆಂಟು ಕೊಟ್ಟರೆ ಆ ಕೊಳವೆಯೊಳಗೆ ಮಾತ್ರ ಕೆಂಡದ ಹಾಗೆ ಬೆಳಗುತ್ತದೆ. ಹಾಲೋ ಕ್ಯಾಥೋಡ್ ಅಂತ ಹೆಸರು. ಕೊಳವೆಯ ನಟ್ಟನಡುವೆ ಲೇಸರ್ ಹಾಯಿಸಬೇಕು. ಬಣ್ಣ ಸರಿಹೊಂದಿದರೆ ಅನಿಲದ ಪರಮಾಣುಗಳು ಬೆಳಕು ಕುಡಿದು ಸುಲಭವಾಗಿ ಎಲೆಕ್ಟ್ರಾನ್ ಕಳಚಿಕೊಳ್ಳುತ್ತವೆ, ದೀಪದ ಕರೆಂಟು ಅಳೆಯುವ ಮೀಟರಿನ ಮುಳ್ಳು ಜಿಗಿಯುತ್ತದೆ. ಕೊಳವೆ ಚೂರು ಸೊಟ್ಟಗಿದ್ದರೂ ಮುಳ್ಳು ಮಿಸುಕುವುದಿಲ್ಲ. ಅವತ್ತು ಬೆಳಗಿನಿಂದ ಮಿಸುಕಿರಲಿಲ್ಲ.

ಲೇಸರ್ ನಾವೇ ಜೋಡಿಸಿದ್ದು. ಅದರ ಸ್ವಿಚ್ಚಿಗೊಂದು ಬೀಗದಕೈ. ಅದನ್ನು ತಿರುಗಿಸಿಟ್ಟಿದ್ದರೆ ಕರೆಂಟು ಬಂದ ತಕ್ಷಣ ತಾನಾಗೇ ಟಕಟಕ ಬೆಳಕು ಹೊಡೆಯುತ್ತಿತ್ತು. ಒಂದೇ ಏಟು ಕಣ್ಣೊಳಗೆ ಬಿದ್ದರೆ ಆ ಕಣ್ಣು ಹೋಯಿತು.

ಕರೆಂಟು ಹೋಯಿತು. ನಾನು ಗಾಳಿಗೆ ಹೊರಗಿನ ಪಡಸಾಲೆಗೆ ಬಂದೆ. ಜಾನಕಿ ವಾಡಿಕೆಯಂತೆ ಒಳಗಿನಿಂದ ಚಿಲಕ ಹಾಕಿಕೊಂಡರು. ಲೇಸರ್ ಕೋಣೆಗೆ ಯಾರೂ ನುಗ್ಗಬಾರದಲ್ಲ.

"ಏನ್ ಮಾಡ್ತಿದ್ದೀರಿ ಕತ್ತಲಲ್ಲಿ?" ಎಂದೆ ಬಾಗಿಲಾಚೆಯಿಂದ.

"ಟಾರ್ಚ್ ಹಾಕ್ಕೊಂಡು ಕೊಳವೆಯೊಳಗೆ ಇಣುಕ್ತಿದ್ದೀನಿ. ಲೇಸರ್ ನಡೀವಾಗ ಕಣ್ಣಿಡೋಕಾಗತ್ತಾ?"

"ಬೀಗದಕೈ ತೆಗೆದ್ರಿ ತಾನೆ?"

"ಕರೆಂಟೇ ಇಲ್ಲ, ತೆಗೆಯೋದೇನ್ರೀ? ಮನೇಲಿ ಫ್ಯಾನ್ ಸ್ವಿಚ್ ಆರಿಸ್ತೀರಾ ನೀವು?"

ನಿಜ, ಆ ಊರಲ್ಲಿ ಯಾರೂ ಸ್ವಿಚ್ ಆರಿಸುತ್ತಿರಲಿಲ್ಲ. ಫ್ಯಾನು ತಿರುಗಿದರೇ ಕರೆಂಟು ಬಂತು ಅಂತ ಲೆಕ್ಕ.

"ತೆಗೀರಿ ಮೊದ್ಲು!"

"ಒಂದ್ನಿಮಿಷ ತಡೀರಿ. ಸೊಟ್ಟ ಎಲ್ಲಿದೆ ಅಂತ ಗೊತ್ತಾಯ್ತು. ಕೊಳವೆ ತಿರುಗಿಸ್ತಿದ್ದೀನಿ."

ಆಗ ಕೇಳಿಸಿತು. ಕಲ್ಕತ್ತೆಯಲ್ಲಿ ಕರೆಂಟು ಬಂದರೆ ಇಡೀ ಕೇರಿ ಒಟ್ಟಿಗೆ ಕೂಗುತ್ತಿತ್ತು, "ಎಶೆ ಗೆಛೆ!" ಬಂತು ಅಂತ. ಬರುವುದೂ ಕೇರಿಯಿಂದ ಕೇರಿಗೆ. ದೂರದಲ್ಲಿ ಒಂದು ಕೂಗು. ಟ್ರಾಮ್ ರಸ್ತೆಯಾಚೆ ಇನ್ನೊಂದು. ಬೇರೆ ದಿನ ನಾನೂ ದನಿ ಸೇರಿಸುತ್ತಿದ್ದೆ. ಅವತ್ತು ಒಂದೊಂದು ಕೂಗೂ ಎದೆಗೆ ಒದೆಯಿತು.

ಎರಡೂ ಕೈಯಿಂದ ಬಾಗಿಲು ಗುದ್ದಿದೆ. "ಜಾನಕೀ, ಅಲ್ಲಿಂದ ಏಳು! ಕರೆಂಟ್ ಬರ್ತಿದೆ, ಏಳೇ!"

ನಮ್ಮ ಗೋಡೆಯ ಪಕ್ಕದಲ್ಲೇ ಕೂಗೆದ್ದಿತು. ತಲೆಯ ಮೇಲೆ ಫ್ಯಾನು ಕಿರ್ ಎಂದಿತು. ಒಳಗೆ ಟಕ್, ಟಕ್, ಟಕ್.

"ಜಾನಕಿ?"

ಬರೀ ಟಕಟಕ. ಆಮೇಲೆ ಅದೂ ನಿಂತಿತು. ಚಿಲಕ ಸರಿಯಿತು. ಬಾಗಿಲಲ್ಲಿ ಜಾನಕಿ, ಬಲಗಣ್ಣಿನ ಮೇಲೆ ಅಂಗೈ. ಅವರು ಕೈ ಸರಿಸಿ ಎಡಗಣ್ಣು ಮುಚ್ಚಿದರು, ಮತ್ತೆ ಬಲಗಣ್ಣು. ನನ್ನ ಹಿಂದಿದ್ದ ಕಾಳಿಯ ಕ್ಯಾಲೆಂಡರನ್ನು ಒಂದೊಂದೇ ಕಣ್ಣಲ್ಲಿ ನೋಡುತ್ತಿದ್ದರು.

"ಎರಡರಲ್ಲೂ ಕಾಣತ್ತೆ," ಅಂದರು. "ಏಳೇ ಅಂದ್ರಲ್ಲ, ಬೈಯೋಣ ಅಂತ ಎದ್ದೆ. ಲೇಸರ್ ಕೆನ್ನೆ ಪಕ್ಕ ಹಾದು ಹಿಂದಿನ ಪರದೆ ಮೇಲೆ ಬಿತ್ತು." ಕೆನ್ನೆ ಮುಟ್ಟಿ ನೋಡಿಕೊಂಡರು. "ಮುಳ್ಳು ಜಿಗೀತು ಕಣ್ರೀ."

ಬೆಳಗಿನಿಂದ ಕಾದದ್ದು ಅದಕ್ಕೇ. ಇಬ್ಬರಿಗೂ ಹೋಗಿ ನೋಡುವ ಧೈರ್ಯವಿರಲಿಲ್ಲ. ಜಾನಕಿ ಬೀಗದಕೈಯನ್ನು ಕುತ್ತಿಗೆಯ ಸರಕ್ಕೆ ಸಿಕ್ಕಿಸಿಕೊಂಡರು. ಲ್ಯಾಬ್ ಬಿಡುವವರೆಗೂ ಅದರ ಜಾಗ ಅದೇ.

ನಿಮ್ಮ ಮಕ್ಕಳು ಮೊಮ್ಮಕ್ಕಳು ಯಾರಾದರೂ ಲೇಸರ್ ಮುಟ್ಟುವವರಿದ್ದರೆ ಈ ವಾಯ್ಸ್ ಮೆಸೇಜನ್ನ ಅವರಿಗೆ ಕಳಿಸಿ. ಮುದುಕನ ಹರಟೆ ಅಂತ ಅಳಿಸಬೇಡಿ. ಮೊದಲು ಬೀಗದಕೈ, ಆಮೇಲೆ ಕಣ್ಣು ಅಂತ ಹೇಳಿ.