ಲಾಪ ಹೊಳಪಿಟ್ಟ ಚಿನ್ನ

ಚಿನ್ನದ ಹಾಳೆ ಅಂಟಿಸುವವರು ಇಟಲಿಯ ಸಿಯೆನಾ ಊರಿನಲ್ಲಿ ಗಲ್ಲಿಗೊಬ್ಬರಿದ್ದರು. ಅಂಟಿಸಿದ್ದಕ್ಕೆ ಹೊಳಪು ಕೊಡಲು ಮಾತ್ರ ನೂತೋನೇ ಆಗಬೇಕು. ಆ ನೂತೋನ ಕೈ ಈ ಚಳಿಗಾಲದಿಂದ ನಡುಗತೊಡಗಿತ್ತು. ಹಾಗಾಗಿ ಮಠದ ಪೂಜಾಪೀಠಕ್ಕೆಂದು ಚಿತ್ರಗಾರ ಬಿಂದೋ ಬರೆಯಲಿದ್ದ ಯೇಸುವಿನ ತಾಯಿ ಮರಿಯಮ್ಮನ ಚಿತ್ರದ ಹಲಗೆ ನೂತೋನ ಮಗಳು ಲಾಪಳ ಪಾಲಿಗೆ ಬಂತು.

"ಒಂದು ಗೀರು ಬಿತ್ತೋ, ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ. ಅತ್ತರೂ ಕರಗೋನಲ್ಲ ನಾನು," ಎಂದ ಬಿಂದೋ.

"ಅಳೋಕೆ ಪುರುಸೊತ್ತೆಲ್ಲಿದೆ, ಬಿಂದೋಣ್ಣ?"

ಹಾಗಂದು ಲಾಪ ಹಲಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಗಂಡ ಸತ್ತ ಮೇಲೆ ಅವಳಿಗಿದ್ದದ್ದು ಈ ಕಸುಬೊಂದೇ. ಇದೂ ಹೋದರೆ ಕಂಡವರ ಮನೆಯ ಬಟ್ಟೆ ಒಗೆಯಬೇಕು.

ಹಲಗೆಗೆ ಬಳಿದ ಕೆಂಪು ಜೇಡಿಮಣ್ಣಿನ ಮೇಲೆ ಕೂತ ಚಿನ್ನ ಹಸಿಯಿದ್ದಾಗ ಉಜ್ಜಿದರೆ ಕಿತ್ತುಬರುತ್ತದೆ, ಪೂರಾ ಒಣಗಿದರೆ ಹೊಳೆಯುವುದಿಲ್ಲ. ನಡುವಿನ ಗಳಿಗೆಗಾಗಿ ಕಾದು ಕೂತ ಲಾಪ, ಉಜ್ಜಲೆಂದು ಹಿಡಿಗೆ ಕೂರಿಸಿದ ನಾಯಿಹಲ್ಲನ್ನು ಎದೆಗವುಚಿ ಬೆಚ್ಚಗೆ ಮಾಡಿಕೊಂಡು ಒಂದು ಮೂಲೆಯಲ್ಲಿ ಎಳೆದು ನೋಡಿದಳು. ಹಲ್ಲು ಎಲ್ಲೂ ತಡೆಯದೆ ಜಾರಿತು. ಆಮೇಲೆ ಸಂಜೆಯವರೆಗೂ ಅವಳು ತಲೆಯೆತ್ತಲಿಲ್ಲ. ಎಂಥ ಕೈ, ಎಂಥ ತಾಳ್ಮೆ ಅದು!

ಮರುದಿನ ಬೆಳಿಗ್ಗೆ ಮಠದ ಹಿರಿಯ ಗುರು ಉಗೋಲಿನೋ ಬಂದು ಹಲಗೆಯ ನೇರ ಎದುರಿಗೆ ನಿಂತರು.

"ಅಯ್ಯೋ ದೇವರೇ, ಕಪ್ಪಗಾಗಿದೆಯಲ್ಲೋ! ನಾನು ಕೊಟ್ಟಿದ್ದು ಚಿನ್ನ, ಮಸಿಯಲ್ಲ. ಹೆಂಗಸಿನ ಕೈಗೆ ಕೊಟ್ರೆ ಇನ್ನೇನಾಗುತ್ತೆ?"

ಚೆನ್ನಾಗಿ ಹೊಳಪೇರಿದ ಚಿನ್ನ ನೇರಕ್ಕೆ ನಿಂತು ನೋಡಿದರೆ ಆಳ ಬಾವಿಯ ನೀರಿನ ಹಾಗೆ ಕಪ್ಪಗೆ ಕಾಣುತ್ತದೆ. ಅದು ಲಾಪಳಿಗೆ ಗೊತ್ತು. ಆದರೆ ಇಷ್ಟೊಂದು ಕಪ್ಪೇ? ಎಲ್ಲಿ ಕೆಡಿಸಿಬಿಟ್ಟೆನೋ ಎಂದು ಹಲಗೆಯ ಮೂಲೆಮೂಲೆಯನ್ನೂ ಹುಡುಕಿದಳು.

ಬಿಂದೋ ಗುರುಗಳ ಮೊಣಕೈ ಹಿಡಿದು ಅವರನ್ನು ಕಿಟಕಿಯತ್ತ ಎರಡು ಹೆಜ್ಜೆ ಸರಿಸಿದ. ಓರೆಯಿಂದ ನೋಡಿದ್ದೇ ಹಲಗೆ ಭಗ್ಗನೆ ಹೊತ್ತಿಕೊಂಡಂತಾಯಿತು. ಗುರುಗಳು ಶಿಲುಬೆಯ ಗುರುತು ಹಾಕಿಕೊಂಡು ಮಂಡಿಯೂರಿಯೇಬಿಟ್ಟರು.

"ಗುರುಗಳೇ, ಮರಿಯಮ್ಮ ಇನ್ನೂ ಬಂದೇ ಇಲ್ಲ. ಅವಳ ಜಾಗ ಖಾಲಿಯಿದೆ ನೋಡಿ," ಎಂದು ಬಿಂದೋ ನಕ್ಕ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಮುದುಕ ನೂತೋನ ಕಡೆ ತಿರುಗಿದ. "ನಿಜ ಹೇಳು ನೂತೋ ಮಾಮ, ನಡುವೆ ನೀನೂ ಕೈಯಾಡಿಸಿದ್ದೀಯ ತಾನೇ?"

ನೂತೋ ನಡುಗುವ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಹಲಗೆಯ ನೇರ ಎದುರಿಗೆ ಬಂದು ನಿಂತ.

"ನನ್ನ ಕೈಲಿ ಚಿನ್ನಕ್ಕೆ ಇಷ್ಟು ಕಪ್ಪು ಒಂದು ದಿನಾನೂ ಬರ್ಲಿಲ್ಲ ಕಣೋ, ಬಿಂದೋ."