ಒಳಗಿದ್ದ ನೋಣಯ್ಯ, ಹೊರಗಿದ್ದ ನೋಣಯ್ಯ

ಮಂಗಳೂರು ಬಂದರಿನಲ್ಲಿ ಸತ್ತು ಒಂದು ವರ್ಷವಾದ ಮೇಲೂ ಬೀಡಿ ಸೇದುತ್ತ ಓಡಾಡುತ್ತಿದ್ದವನು ನೋಣಯ್ಯ ಒಬ್ಬನೇ.

ಸತ್ತದ್ದು ಅವನ ತಪ್ಪಲ್ಲ. ಸಾವಿರದ ಒಂಬೈನೂರ ಇಪ್ಪತ್ತೈದನೇ ಇಸವಿಯ ಮೇ ತಿಂಗಳ ಕೊನೆಗೆ ಅವನು ಖಲಾಸಿಯಾಗಿದ್ದ ಮಂಜಿ ಎಂಬ ಹಾಯಿಹಡಗು ಅಮಿನಿ ದ್ವೀಪದ ಹತ್ತಿರ ಒಡೆದು ಚೂರಾಯಿತು. ಹಲಗೆ ಹಿಡಿದು ತೇಲುತ್ತಿದ್ದವನನ್ನು ಅಬ್ದುಲ್ ರಹ್ಮಾನ್ ಎಂಬ ದ್ವೀಪದವನು ಜುಟ್ಟು ಹಿಡಿದು ದಡಕ್ಕೆ ಎಳೆದ. ಮಳೆಗಾಲ ಶುರುವಾದರೆ ಕಡಲಿಗೆ ಬೀಗ. ನಾಲ್ಕು ತಿಂಗಳು ಅತ್ತಲಿಂದ ದೋಣಿಯಿಲ್ಲ, ಕಾಗದವಿಲ್ಲ. ಇತ್ತ ಉರ್ವದಲ್ಲಿ ಅವನ ಅಕ್ಕ ದೇಯಿ ಎರಡು ತಿಂಗಳು ಕಾದಳು, ಎದೆ ಬಡಿದುಕೊಂಡು ಅತ್ತಳು, ಕೊನೆಗೆ ಊರವರನ್ನು ಕರೆದು ತಮ್ಮನ ಉತ್ತರಕ್ರಿಯೆ ಮಾಡಿ ಬೊಜ್ಜದ ಊಟ ಹಾಕಿಸಿದಳು. ಸತ್ತವರನ್ನು ಹೆಸರು ಹಿಡಿದು ಕರೆದು ಮನೆಯೊಳಗೆ ಸೇರಿಸಿಕೊಳ್ಳುವುದು ಅವರ ಪದ್ಧತಿ. ಅದನ್ನೂ ಮಾಡಿ ಮುಗಿಸಿದಳು.

ಸೆಪ್ಟೆಂಬರಿನಲ್ಲಿ ನೋಣಯ್ಯ ಅಂಗಳದಲ್ಲಿ ಬಂದು ನಿಂತಾಗ ಅವಳು ಓಡಿಬಂದು ತಬ್ಬಿಕೊಳ್ಳುತ್ತಿದ್ದಳೋ ಏನೋ. ಆದರೆ ಅವನು ದಪ್ಪವಾಗಿದ್ದ. ನಾಲ್ಕು ತಿಂಗಳು ತೆಂಗಿನಹಾಲು, ಸೂರೆಮೀನು ತಿಂದು ಕೆನ್ನೆ ಊದಿಸಿಕೊಂಡಿದ್ದ. ಸಾಲದ್ದಕ್ಕೆ ಬಾಯಿ ಬೇರೆ.

"ಬೊಜ್ಜಕ್ಕೆ ಎರಡು ಬಗೆ ಪಾಯಸ ಇತ್ತಂತೆ ಅಕ್ಕ. ಮೊದಲೇ ಗೊತ್ತಿದ್ದರೆ ಬೇಗ ಬರ್ತಿದ್ದೆ."

ದೇಯಿ ಬಾಗಿಲಿಗೆ ಅಡ್ಡ ನಿಂತಳು. "ನೋಣಯ್ಯ ಒಳಗೆ ಇದ್ದಾನೆ. ನೀನು ಯಾರು?"

ಅಂದಿನಿಂದ ಅವನಿಗೆ ಬಂದರಿನ ಹಂಚಿನ ಗೋದಾಮೇ ಗತಿ. ಅಕ್ಕನ ಸಿಟ್ಟು ಇಳಿಯಲಿಲ್ಲ, ತಮ್ಮ ತಪ್ಪಾಯಿತು ಅನ್ನಲಿಲ್ಲ. ಹಠದಲ್ಲಿ ಇಬ್ಬರೂ ಒಂದೇ ತಾಯಿಯ ಮಕ್ಕಳು.

ಮರುವರ್ಷದ ದೀಪಾವಳಿ ಪರ್ಬದ ಬೆಳಿಗ್ಗೆ ನಾರಿನ ಹಗ್ಗ ಹೇರಿಕೊಂಡು ಬಂದ ಹಾಯಿದೋಣಿಯಿಂದ ಅಬ್ದುಲ್ ರಹ್ಮಾನ್ ಇಳಿದದ್ದು ನೋಡಿ ನೋಣಯ್ಯ ಗೋದಾಮಿನ ಹಿಂದೆ ಅಡಗಲು ಜಾಗ ಹುಡುಕಿದ. ದ್ವೀಪದಲ್ಲಿ ಕೂತು ಉಂಡ ನಾಲ್ಕು ತಿಂಗಳಲ್ಲಿ ಅವನು ಸುಮ್ಮನಿದ್ದನೇ? ಉರ್ವದಲ್ಲಿ ತನ್ನದೊಂದು ಉಪ್ಪರಿಗೆ ಮನೆ ಉಂಟು, ಹನ್ನೆರಡು ಕಂಬದ ಚಾವಡಿ ಉಂಟು ಎಂದು ಬುರುಡೆ ಬಿಟ್ಟಿದ್ದ.

"ನಾಳೆ ಬೆಳಿಗ್ಗೆ ಹೊರಡ್ತೇನೆ. ಇವತ್ತು ನಿನ್ನ ಮನೆಯಲ್ಲಿ ಊಟ" ಎಂದ ರಹ್ಮಾನ್, ಮದುವೆಗೆ ಹೊರಟವನಂತೆ ಬಿಳಿ ಅಂಗಿ ಕೊಡವಿಕೊಂಡು.

ಜೀವ ಉಳಿಸಿದವನಿಗೆ ಒಂದು ಹೊತ್ತಿನ ಊಟ ಹಾಕಲು ತನಗೊಂದು ಸೂರಿಲ್ಲ. ನೋಣಯ್ಯನಿಗೆ ಮೊದಲ ಬಾರಿಗೆ ನಿಜವಾಗಿ ನಾಚಿಕೆಯಾಯಿತು. ನಾಚಿಕೆಯಾದಾಗ ಅವನಿಗೆ ಗೊತ್ತಿದ್ದ ಮದ್ದು ಒಂದೇ, ಇನ್ನಷ್ಟು ಸುಳ್ಳು.

"ಊಟಕ್ಕೆ ಎಂತ ಅವಸರ ಕಾಕ? ಮೊದಲು ಊರು ನೋಡುವ."

ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋದ. ಇಂಜಿನ್ ಕೂಗಿದ್ದಕ್ಕೆ ರಹ್ಮಾನ್ ಬೆಚ್ಚಲಿಲ್ಲ. ಬೀದಿನಾಯಿ ಬೊಗಳಿದ್ದಕ್ಕೆ ನೋಣಯ್ಯನ ಬೆನ್ನ ಹಿಂದೆ ಅಡಗಿದ. ಅಮಿನಿಯಲ್ಲಿ ನಾಯಿಗಳಿಲ್ಲ. ಗುಡ್ಡವೂ ಇಲ್ಲವಾದ್ದರಿಂದ ಬಾವುಟಗುಡ್ಡೆ ಹತ್ತಿಸುವಾಗ ಅವನು ಹತ್ತು ಹೆಜ್ಜೆಗೊಮ್ಮೆ ಕೂತ. ಹತ್ತಿ ನಿಂತು ಏದುಸಿರು ಬಿಡುತ್ತ, "ಇಷ್ಟು ಎತ್ತರಕ್ಕೆ ಬಂದು ನೀವು ನೋಡುವುದು ಎಂತ?" ಎಂದು ಕೇಳಿದ.

"ಕಡಲು" ಎಂದ ನೋಣಯ್ಯ.

"ಅದು ನಮ್ಮ ಬಾಗಿಲಲ್ಲೇ ಕಾಣ್ತದಲ್ಲ ಮಾರಾಯ."

ನೋಣಯ್ಯ ಬಿಡಲಿಲ್ಲ. ಹಂಚಿನ ಕಾರ್ಖಾನೆಯ ಚಿಮಣಿಯನ್ನು ತೋರಿಸಿ ಅದಕ್ಕೆ ನಾನೂರು ವರ್ಷ ಎಂದ. ಸುಲ್ತಾನ್ ಬತ್ತೇರಿಯ ಬುರುಜಿನಿಂದ ತನ್ನ ಮುತ್ತಜ್ಜ ಹಾರಿಸಿದ ಗುಂಡು ಹೊಳೆ ದಾಟಿ ಬೆಂಗ್ರೆಯ ತೆಂಗಿನ ಮರವನ್ನು ಸೀಳಿತ್ತು ಎಂದ. ಒಂದು ಗುಟುಕು ನೀರಿಲ್ಲದೆ ಅವನು ಆ ದಿನ ಹೇಳಿದ ಚರಿತ್ರೆಯನ್ನು ಯಾರಾದರೂ ಬರೆದಿಟ್ಟುಕೊಂಡಿದ್ದರೆ ಮಂಗಳೂರಿಗೆ ಇನ್ನೂ ಮೂವರು ರಾಜರು ಹೆಚ್ಚಾಗುತ್ತಿದ್ದರು.

ಹೊತ್ತು ಇಳಿಯಿತು. ರಹ್ಮಾನ್ ಬುರುಜಿನ ಮೆಟ್ಟಿಲ ಮೇಲೆ ಕೂತುಬಿಟ್ಟ. "ಕಲ್ಲು ಸಾಕು ನೋಣಯ್ಯ. ಹೊಟ್ಟೆ ಹಸೀತದೆ. ಮನೆಗೆ ಹೋಗುವ."

ಅಲ್ಲಿಂದ ಉರ್ವ ಕೂಗಳತೆ. ಇನ್ನು ಸುತ್ತಿಸಲು ಊರೇ ಉಳಿದಿರಲಿಲ್ಲ.

ಉಪ್ಪರಿಗೆಯಿಲ್ಲದ, ನಾಲ್ಕೇ ಕಂಬದ ಮುಳಿಹುಲ್ಲಿನ ಮನೆಯ ಜಗಲಿಯಲ್ಲಿ ದೇಯಿ ಕೂತಿದ್ದಳು. ಹಿಂದೆ ಬಾಗಿಲು ಮುಚ್ಚಿತ್ತು. ಪರ್ಬದ ದಿನ ಸತ್ತವರಿಗೆ ಒಳಗೆ ಎಲೆ ಹಾಕಿ ಬಡಿಸಿ, ಅವರು ಸಂಕೋಚಪಡದೆ ಉಣ್ಣಲಿ ಎಂದು ಬಾಗಿಲು ಹಾಕಿ ಮನೆಯವರು ಹೊರಗೆ ಕಾಯುತ್ತಾರೆ. ನೋಣಯ್ಯ ಅಂಗಳದ ತುದಿಯಲ್ಲೇ ನಿಂತ. ರಹ್ಮಾನ್ ಮುಂದೆ ಹೋಗಿ ಸಲಾಂ ಮಾಡಿದ.

"ಯಾರನ್ನು ಕಾಯ್ತಾ ಇದ್ದೀರಿ ಅಕ್ಕ?"

"ನನ್ನ ತಮ್ಮ ಒಳಗೆ ಉಣ್ತಾ ಇದ್ದಾನೆ" ಎಂದಳು ದೇಯಿ, ಅಂಗಳದ ತುದಿಯತ್ತ ನೋಡದೆ. "ಕಡಲಿನಲ್ಲಿ ಸತ್ತವ."

ರಹ್ಮಾನ್ ಒಮ್ಮೆ ಹಿಂದೆ ತಿರುಗಿ ನೋಡಿದ. ಬುದ್ಧಿವಂತ. ಜಗಲಿಯ ಕೆಳಗೆ ನಿಧಾನವಾಗಿ ಕೂತುಕೊಂಡ.

"ನಾನು ಅಮಿನಿಯವ. ನಿಮ್ಮ ತಮ್ಮ ನಮ್ಮಲ್ಲಿದ್ದ. ತನಗೆ ಉಪ್ಪರಿಗೆ ಮನೆ ಉಂಟು ಅಂತ ಹೇಳಿದ. ನಮಗೆಲ್ಲ ನಗು. ನಮ್ಮಲ್ಲಿ ಗಂಡಸಿಗೆ ದೋಣಿ ಉಂಟು, ಮನೆ ಇಲ್ಲ. ಮನೆ ಏನಿದ್ದರೂ ಹೆತ್ತ ಉಮ್ಮಂದು, ಅಕ್ಕತಂಗಿಯರದ್ದು."

"ಇಲ್ಲಿಯೂ ಹಾಗೆಯೇ" ಎಂದಳು ದೇಯಿ. "ಅವನಿಗೆ ಎಲ್ಲಿಯ ಮನೆ?"

"ಅದು ಸುಳ್ಳು ಅಂತ ಮೊದಲ ದಿನವೇ ಗೊತ್ತಾಯಿತು. ಆದರೆ ದಿನಾ ಸಂಜೆ ಈ ದಿಕ್ಕಿಗೆ ಮುಖ ಮಾಡಿ ಕೂತು, ನನ್ನ ಅಕ್ಕ ಅಳ್ತಾ ಇರಬಹುದು ಅಂತ ಅವ ಅಳ್ತಿದ್ದ. ಅದು ಸುಳ್ಳಲ್ಲ. ಅವನ ಅಳು ನಿಲ್ಲಿಸಲಿಕ್ಕೆ ನಮ್ಮ ಉಮ್ಮ ತಿನ್ನಿಸಿದ್ದೇ ತಿನ್ನಿಸಿದ್ದು. ಅವ ದಪ್ಪ ಆದದ್ದು ಹಾಗೆ."

ನೋಣಯ್ಯನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಡೀ ಬಂದರಿಗೆ ಹೇಳಿದ ನೂರು ಸುಳ್ಳು ಬಯಲಾಗಿದ್ದರೂ ಅಷ್ಟು ಸಂಕಟವಾಗುತ್ತಿರಲಿಲ್ಲ. ಅವನು ಮುಚ್ಚಿಟ್ಟಿದ್ದ ನಿಜ ಅದೊಂದೇ.

ದೇಯಿ ಎದ್ದು ಬಾಗಿಲು ತೆರೆದಳು. ಕಳೆದ ವರ್ಷ ಸತ್ತವನನ್ನು ಕರೆದ ಅದೇ ಗಟ್ಟಿ ದನಿಯಲ್ಲಿ, ನೆರೆಮನೆಯವರೆಲ್ಲ ಬೇಲಿಗೆ ಬರುವ ಹಾಗೆ ಕೂಗಿದಳು:

"ನೋಣಯ್ಯಾ, ಒಳಗೆ ಬಾ. ನಿನ್ನ ಎಲೆ ತಣಿಯುತ್ತಾ ಉಂಟು."

ನೋಣಯ್ಯ ತಲೆ ತಗ್ಗಿಸಿ ಒಳಗೆ ಹೋದ. ಅವನ ಬೆನ್ನ ಹಿಂದೆ ಪದ್ಧತಿಯಂತೆ ಬಾಗಿಲು ಮುಚ್ಚಿಕೊಂಡಿತು. ಜಗಲಿಯಲ್ಲಿ ರಹ್ಮಾನನ ಮುಂದೆ ಎಲೆ ಹಾಕಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸುವ ಸದ್ದು ಕೇಳಿಸಿತು. ಒಳಗೆ ಅಜ್ಜಿಗೊಂದು, ಅಮ್ಮನಿಗೊಂದು, ಮಾವನಿಗೊಂದು ಎಲೆ. ಎಲ್ಲಕ್ಕಿಂತ ದೊಡ್ಡದು ತುದಿಯಲ್ಲಿತ್ತು. ಅದರ ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಅವನು ಸೇದುವ ಜಾತಿಯದ್ದೇ. ನೋಣಯ್ಯ ತನ್ನ ಹಿರಿಯರ ಸಾಲಿನಲ್ಲಿ ಕೂತು ಕೈ ಹಾಕಿದ. ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟ. ಏನಾದರೂ ಹೇಳದಿದ್ದರೆ ಅತ್ತೇಬಿಡುವ ಹಾಗಿತ್ತು.

"ಅಕ್ಕಾ," ಎಂದು ಕೂಗಿದ, "ಸಾರಿಗೆ ಉಪ್ಪು ಸಾಲದು!"

ಹೊರಗೆ ಸೌಟು ಬಿದ್ದ ಸದ್ದು. ಬಾಗಿಲು ದಡಕ್ಕನೆ ತೆರೆಯಿತು. "ಒಳಗಿದ್ದವ ಒಂದು ವರ್ಷದಿಂದ ತುಟಿ ಬಿಚ್ಚಲಿಲ್ಲ," ಎನ್ನುತ್ತ ದೇಯಿ ಉಪ್ಪಿನ ಗೆರಟೆ ಹಿಡಿದು ಬಂದಳು, "ನೀನು ಕೂತ ಕೂಡಲೇ ಕುಂದು ಹುಡುಕಿದೆಯಾ?"

ಅಷ್ಟಂದು ಅವನ ತಲೆಗೆ ಬಲವಾಗಿ ಮೊಟಕಿದಳು. ತಲೆ ಗಟ್ಟಿಯಾಗಿ, ಬೆಚ್ಚಗೆ ಬೆರಳ ಗೆಣ್ಣಿಗೆ ಸಿಕ್ಕಿತು. ಅವಳು ಅಲ್ಲೇ ಕುಸಿದು, ಅಜ್ಜಿ, ಅಮ್ಮ, ಮಾವ ಎಲ್ಲರೂ ಉಣ್ಣುತ್ತಿದ್ದಾರೆ ಎಂಬುದನ್ನೂ ಮರೆತು, ಬೊಜ್ಜದ ದಿನದಷ್ಟೇ ಜೋರಾಗಿ ಅತ್ತಳು.